ಒಪ್ಪಿಕೊಂಡ ದನಿ

"ನೀನು ಇಷ್ಟು ಚೆನ್ನಾಗಿ ಮಾತಾಡ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೋ," ಎಂದಳು ಅಕ್ಕ.

ಅವನ ಬಾಯಲ್ಲಿ ಬ್ರಷ್ ಇತ್ತು. ಬಾಯಿ ತುಂಬ ನೊರೆ. ಅಮ್ಮ ಹೋದಮೇಲೆ ಒಂದು ಸಲವೂ ಫೋನ್ ಮಾಡದ ಅಕ್ಕ ಬೆಳಗಾಗುತ್ತಲೇ ಹೀಗೆ ಹೊಗಳಿದರೆ ಏನು ಹೇಳುವುದು? "ಹ್ಞೂಂ" ಎಂದ.

"ಫೋನ್ ಇಟ್ಟಮೇಲೆ ತುಂಬ ಹೊತ್ತು ಅತ್ತೆ. ಆಮೇಲೆ ಮಲಗಿದ್ದೊಂದೇ ಗೊತ್ತು. ಅಂಥಾ ನಿದ್ದೆ ಬಂದು ಎಷ್ಟು ಕಾಲ ಆಗಿತ್ತೋ."

"ಹ್ಞೂಂ?"

"ಹೊಸಾ ನಂಬರಾ ಅದು? ಸೇವ್ ಮಾಡ್ಕೊಂಡಿದೀನಿ. ಸಂಜೆ ಆಸ್ಪತ್ರೆಗೆ ಬರ್ತೀನಿ. ಕಿವಿ ಟೆಸ್ಟು ನೀನೇ ಮಾಡ್ಬೇಕು. ನಿನ್ನೆ ಒಪ್ಕೊಂಡಿದೀಯ, ಇವತ್ತು ಉಲ್ಟಾ ಹೊಡೀಬೇಡ."

ನಿನ್ನೆ ಅವನು ಯಾರಿಗೂ ಫೋನ್ ಮಾಡಿರಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು, ಯಾವನೋ ಅಪರಿಚಿತ ಸೋಪನ್ನು ತೆಳ್ಳಗೆ ಕತ್ತರಿಸುವ ವಿಡಿಯೋಗಳನ್ನು ಒಂದಾದಮೇಲೊಂದು ನೋಡಿ, ಫೋನು ಮುಖದ ಮೇಲೆ ಬಿದ್ದಾಗ ನಿದ್ದೆಹೋಗಿದ್ದ. ಅಷ್ಟೇ ಅವನ ರಾತ್ರಿ.

ಉಗುಳಿ ಬಾಯಿ ಮುಕ್ಕಳಿಸುವಷ್ಟರಲ್ಲಿ ಅಕ್ಕ ಫೋನ್ ಇಟ್ಟಿದ್ದಳು. 'ಅದು ನಾನಲ್ಲ' ಎನ್ನಲು ಬೇಕಾದಷ್ಟು ಅವಕಾಶವಿತ್ತು. ತಪ್ಪನ್ನು ನೊರೆಯ ಮೇಲೆ ಹೊರಿಸಿ ಸ್ನಾನಕ್ಕೆ ಹೋದ.

ಅವನು ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷಕ. ಯಾರಿಗೆ ಎಷ್ಟು ಕೇಳಿಸುತ್ತದೆಂದು ಅಳೆದು ಹೇಳುವ ಕೆಲಸ. ಆದರೆ ಅಲ್ಲಿ ಅವನಿಗೆ ಹೆಸರು ಬಂದಿದ್ದು ಮಿಮಿಕ್ರಿಯಿಂದ. ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಳ್ಳುವುದು, ಲಿಫ್ಟಿನ ಯಂತ್ರದಾಕೆ ಮಹಡಿ ಹೇಳುವುದು, ಹಲ್ಲಿಲ್ಲದ ವಾಚ್‌ಮನ್ ಬೈಯುವುದು, ಎಲ್ಲವೂ ಅವನ ನಾಲಗೆಯ ತುದಿಯಲ್ಲಿ. ಒಮ್ಮೆ ದೊಡ್ಡ ಡಾಕ್ಟರ ದನಿಯಲ್ಲಿ ಫೋನ್ ಮಾಡಿ, ಶ್ರವಣಯಂತ್ರ ಕೂರಿಸುವ ಟೆಕ್ನೀಷಿಯನ್‌ನನ್ನು ಬರದಿರುವ ಅತಿಥಿಗಾಗಿ ಹೂಗುಚ್ಛ ಹಿಡಿಸಿ ರೈಲ್ವೆ ಸ್ಟೇಷನ್ನಿನಲ್ಲಿ ನಿಲ್ಲಿಸಿದ್ದ. ಅಗಲ ಕಿವಿಯ ಆ ಟೆಕ್ನೀಷಿಯನ್‌ಗೆ 'ಆಂಟೆನಾ' ಎಂದು ಹೆಸರಿಟ್ಟವನೂ ಅವನೇ.

ಎಲ್ಲರೂ ನಗುತ್ತಿದ್ದರು. ಆ ನಗುವಿನಲ್ಲಿ ಅವನು ಸುರಕ್ಷಿತವಾಗಿದ್ದ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಅನುಕರಿಸಲು ಯಾರೂ ಇರುತ್ತಿರಲಿಲ್ಲ. ಹಾಗಾಗಿ ಮಾತೂ ಇರುತ್ತಿರಲಿಲ್ಲ.

ಚಹಾದ ಹೊತ್ತಿಗೆ ಆಂಟೆನಾ ಬಿಸ್ಕತ್ತು ಅದ್ದುತ್ತ ಕೇಳಿದ, "ರಾತ್ರಿ ನಿದ್ದೆ ಚೆನ್ನಾಗಿ ಬಂತಾ ಸಾರ್?"

"ನಮ್ಮಕ್ಕಂಗೆ ಬಂತಂತೆ."

ಕೌಂಟರಿನಲ್ಲಿ ಚೀಟಿ ಬರೆಯುವ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡರು. ಆಂಟೆನಾ ತಡೆಯಲಾರದೆ ಚಹಾ ಚೆಲ್ಲಿಕೊಂಡ.

"ಹೂಗುಚ್ಛದ ಲೆಕ್ಕ ಚುಕ್ತಾ ಸಾರ್! ಈಗ ದನಿ ನಕಲು ಮಾಡೋ ಆ್ಯಪ್ ಬಂದಿದೆ ಅಲ್ವಾ? ಮಾತಿಗೆ ಮಾತು ಅದೇ ಜೋಡಿಸ್ಕೊಳತ್ತೆ. ಆದ್ರೆ ನಿಮ್ಮ ಸ್ವಂತ ದನಿ ಎಲ್ಲೂ ಸಿಗ್ಲಿಲ್ಲ ನೋಡಿ. ಪಾರ್ಟಿ ವಿಡಿಯೋ ತುಂಬ ಬರೀ ಬೇರೆಯವರ ದನಿ. ಕೊನೆಗೆ ಟೆಸ್ಟ್ ರೂಮಲ್ಲಿ ಪೇಷಂಟುಗಳಿಗೆ ಕೇಳ್ಸೋ ರೆಕಾರ್ಡಿಂಗ್ ಇದ್ಯಲ್ಲ, ಮನೆ, ಮರ, ದೀಪ, ಬಾಗಿಲು ಅಂತ ಓದಿದೀರಲ್ಲ, ಅದನ್ನೇ ತಿನ್ನಿಸಿದ್ವಿ."

"ಅಕ್ಕನ ನಂಬರ್ ಎಲ್ಲಿಂದ ಬಂತು?"

ಮೇಡಂ ಸೆರಗು ಬಿಟ್ಟರು. "ನಿಮ್ಮ ಅಮ್ಮ ಹೋದ ದಿನ ಅವರು ನಿಮ್ಮನ್ನ ಹುಡುಕ್ಕೊಂಡು ಇಲ್ಲಿಗೇ ಫೋನ್ ಮಾಡಿದ್ರಲ್ಲ. ನನ್ನ ಫೋನಲ್ಲಿ ಉಳಿದಿತ್ತು."

"ಆ ಆ್ಯಪ್‌ಗೆ ಏನು ಹೇಳ್ಕೊಟ್ರಿ?"

"ಒಂದೇ ಸಾಲು," ಎಂದ ಆಂಟೆನಾ. "ಪ್ರೀತಿಯಿಂದ ಮಾತಾಡು, ಅಕ್ಕ ಏನಂದ್ರೂ ಹೌದು ಅನ್ನು. ಒಂಚೂರು ಆಟ ಆಡಿಸಿ ಕಟ್ ಮಾಡೋಣ ಅಂತಿದ್ವಿ. ಅಷ್ಟರಲ್ಲಿ ಅವರು ಅಳೋಕೆ ಶುರು ಮಾಡಿದ್ರು. ಮೇಡಂ ತಕ್ಷಣ ಸೌಂಡ್ ಆಫ್ ಮಾಡಿದ್ರು."

"ಬೇರೆಯವರ ಮನೆ ಮಾತು, ನಾವು ಕೇಳೋದು ತಪ್ಪಲ್ವಾ?" ಎಂದರು ಮೇಡಂ.

"ಕಟ್ ಮಾಡ್ಲಿಲ್ಲ?"

"ಅಳ್ತಾ ಇರೋವಾಗ ಹೆಂಗೆ ಸಾರ್ ಕಟ್ ಮಾಡೋದು? ಪಾಪ, ಬೇಜಾರು ಮಾಡ್ಕೊಳಲ್ವಾ?"

ಮೇಡಂ ಲೋಟ ತೊಳೆಯುತ್ತ ತೀರ್ಪು ಕೊಟ್ಟರು. "ಈ ಫೋನು ಗೀನು ಎಲ್ಲ ಹಾಳು ಅಂತಾರೆ. ಏನೇ ಅನ್ನಿ, ಒಳ್ಳೇದೇ ಆಯ್ತಲ್ಲ? ಅಕ್ಕ ತಮ್ಮ ಒಂದಾದ್ರಿ."

ಅವನು ದೊಡ್ಡ ಡಾಕ್ಟರಂತೆ ಗಂಟಲು ಸರಿಮಾಡಿಕೊಂಡು, "ಕೆಲಸಕ್ಕೆ ಹೋಗ್ರಯ್ಯಾ," ಎಂದ. ಇಬ್ಬರೂ ನಕ್ಕರು. ಆಂಟೆನಾನ ಫೋನನ್ನು ಕಸಿದುಕೊಂಡು ಟೆಸ್ಟ್ ರೂಮಿಗೆ ಹೋದ.

ಅದು ಸದ್ದು ಸಾಯುವ ಕೋಣೆ. ಗೋಡೆಗೆಲ್ಲ ಸ್ಪಂಜು. ಗಾಜಿನಾಚೆ ರೋಗಿಯ ಕುರ್ಚಿ, ಈಚೆ ಅವನ ಮೈಕು ಮತ್ತು ಸದ್ದು ಏರಿಳಿಸುವ ತಿರುಗಣೆಗಳು. ಹೆಡ್‌ಫೋನ್ ಹಾಕಿಕೊಂಡು, ಫೋನಿನಲ್ಲಿ ರೆಕಾರ್ಡಾಗಿದ್ದ ನಿನ್ನೆಯ ಕರೆಯನ್ನು ತೆರೆದ.

ಅವನದೇ ದನಿ. 'ದೀಪ' ಎಂದು ಓದಿದ್ದ ದನಿಯೇ 'ಅಕ್ಕ' ಎಂದು ಕರೆಯುತ್ತಿತ್ತು. ಅವಳು ಹೇಳಿಕೊಂಡ ಮಂಡಿನೋವನ್ನು ವಿಚಾರಿಸಿತು. ಕಿವಿ ಸರಿಯಾಗಿ ಕೇಳಿಸುತ್ತಿಲ್ಲವೆಂದಾಗ "ಬಾ ಅಕ್ಕ, ನಾನೇ ನೋಡ್ತೀನಿ" ಎಂದಿತು. ಮಾತಿನ ನಡುವೆ ಮೆಲ್ಲಗೆ ಉಸಿರೆಳೆದುಕೊಂಡಿತು. ಉಸಿರಾಡುವುದನ್ನು ಯಾರು ಕಲಿಸಿದರು ಇದಕ್ಕೆ?

ಅಕ್ಕ ಅಳುತ್ತಿದ್ದಳು. "ಒಂದು ಕೇಳ್ತೀನಿ, ನಿಜ ಹೇಳ್ತೀಯಾ? ಅಮ್ಮ ಹೋದ ದಿನ ಫೋನ್ ಮಾಡ್ದಾಗ ಒಂದು ಹೆಂಗಸಿನ ದನಿ ಬಂತು. ಚಂದಾದಾರರು ಸಂಪರ್ಕಕ್ಕೆ ಸಿಗ್ತಾ ಇಲ್ಲ ಅಂತು. ಮಾತು ಮುಗಿಸೋ ಮುಂಚೆ ಅವಳು ಉಸಿರು ತಗೊಂಡ್ಲು ಕಣೋ. ಮಷೀನು ಉಸಿರಾಡತ್ತಾ? ಅದು ನೀನೇ ತಾನೆ?"

"ಹೌದಕ್ಕ. ನಾನೇ."

ಅವನು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ.

ಆ ದಿನ ಅವನು ಊಟಕ್ಕೆ ಹೊರಗೆ ಹೋಗಿದ್ದ, ಸುತ್ತ ಗೆಳೆಯರು. ಅಕ್ಕನ ಹೆಸರು ಬೆಳಗಿದ್ದೇ ಎಲ್ಲರಿಗೂ ಕಣ್ಣುಹೊಡೆದು ಫೋನ್ ಎತ್ತಿ ಫೋನ್ ಕಂಪನಿಯ ಯಂತ್ರದಾಕೆಯ ಸಿಹಿ ದನಿಯಲ್ಲಿ, "ಚಂದಾದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ, ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ" ಎಂದಿದ್ದ. ಮೇಜು ಬಡಿದು ನಕ್ಕಿದ್ದರು. ಅತ್ತಕಡೆಯಿಂದ "ಅಯ್ಯೋ" ಎಂಬುದಷ್ಟೇ ಕೇಳಿಸಿತ್ತು. ಮತ್ತೆ ಮಾಡುತ್ತಾಳೆ ಎಂದುಕೊಂಡ. ಅಮ್ಮ ಸಾಯುವಾಗ ಜೊತೆಗಿದ್ದದ್ದು ಅವಳೊಬ್ಬಳೇ. ಅವನು ಅಂದಿನಿಂದ ನೆಟ್‌ವರ್ಕ್ ಇರಲಿಲ್ಲ ಎಂದು ಹೇಳಿಕೊಂಡು ಬಂದ, ಮೊದಲು ಅವಳಿಗೆ, ಕಡೆಕಡೆಗೆ ತನಗೂ.

ಇಷ್ಟು ಕಾಲ ಅವನಿಂದ ಆಗದೇ ಹೋದ ಎರಡು ಮಾತನ್ನು ಅದು ಅಳುಕದೆ ಆಡಿತ್ತು. ಅಕ್ಕ ಅದನ್ನು ಕ್ಷಮಿಸಿದ್ದಳು. ಅದನ್ನು, ಅವನನ್ನಲ್ಲ.

ಸಂಜೆ ಅಕ್ಕ ಬಂದಳು. ಸಣ್ಣಗಾಗಿದ್ದಳು. ಕೌಂಟರಿನಲ್ಲಿ ಮೇಡಂ ಅತಿಯಾಗಿ ಉಪಚರಿಸಿ ಒಳಕ್ಕೆ ಕಳಿಸಿದರು.

"ಕೂದಲು ಹೋಗಿದೆಯಲ್ಲೋ ನಿಂದು," ಎಂದಳು.

"ಎಲ್ಲಿಗೂ ಹೋಗಿಲ್ಲ, ದಿಂಬಿನ ಮೇಲಿದೆ."

ನಕ್ಕಳು. ಆಮೇಲೆ ಅವನ ಮುಂಗೈ ಹಿಡಿದಳು. "ನಿನ್ನೆ ಫೋನಲ್ಲಿ ಹೇಳಿದ್ಯಲ್ಲ, ಅದನ್ನ ಎದುರಿಗೆ ಒಂದ್ಸಲ ಹೇಳು. ಬೈಯಲ್ಲ. ನಿನ್ನ ಬಾಯಿಂದ ಕೇಳ್ಬೇಕು ಅಷ್ಟೇ."

ಅವನು ಬಾಯಿ ತೆರೆದ. ಮೊದಲು ನಾಲಗೆಗೆ ಬಂದಿದ್ದು ದೊಡ್ಡ ಡಾಕ್ಟರು. ಅವರನ್ನು ನುಂಗಿಕೊಂಡ. ಹಿಂದೆಯೇ ವಾಚ್‌ಮನ್, ಅವನ ಹಿಂದೆ ಲಿಫ್ಟಿನಾಕೆ. ಎಲ್ಲರೂ ಗಂಟಲಲ್ಲಿ ಸಾಲು ನಿಂತಿದ್ದರು. ಅವರೆಲ್ಲ ದಾಟಿದ ಮೇಲೆ ಕೊನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕಾದ.

"ಮೊದ್ಲು ಟೆಸ್ಟು ಮುಗಿಸೋಣ ಅಕ್ಕ," ಎಂದ.

ಅವಳನ್ನು ಗಾಜಿನಾಚೆ ಕೂರಿಸಿ ಹೆಡ್‌ಫೋನ್ ತೊಡಿಸಿದ. "ಬಲಗಡೆ ಸದ್ದು ಬಂದ್ರೆ ಬಲಗೈ, ಎಡಗಡೆ ಬಂದ್ರೆ ಎಡಗೈ. ಕಣ್ಣು ಮುಚ್ಕೊ. ಎಷ್ಟು ಸಣ್ಣ ಸದ್ದಾದ್ರೂ ಸರಿ."

ಬಾಗಿಲು ಮುಚ್ಚಿ ಈಚೆ ಬಂದು ಕುಳಿತ. ಮಾಮೂಲಿ ರೆಕಾರ್ಡಿಂಗ್ ಹಾಕಲಿಲ್ಲ. ಬಲಕಿವಿಯ ತಿರುಗಣೆಯನ್ನು ತೀರ ಕೆಳಗಿಳಿಸಿದ. ಆ ಮಟ್ಟದಲ್ಲಿ ಎಳೆಯರಿಗೂ ಏನೂ ಕೇಳಿಸದು.

"ಅಕ್ಕ, ನಿನ್ನೆ ಮಾತಾಡಿದ್ದು ನಾನಲ್ಲ," ಎಂದ ಮೈಕಿನೊಳಗೆ.

ಅವಳು ಕದಲಲಿಲ್ಲ. ಮುಖ ತುಸು ಮೇಲೆತ್ತಿ, ಬಾಗಿಲು ಬಡಿಯುವ ಸದ್ದಿಗೆ ಕಾಯುವವಳಂತೆ ಕಾಯುತ್ತಿದ್ದಳು.

ಒಂದು ಸುತ್ತು ಏರಿಸಿದ. "ಆ ದಿನ ಮಾತಾಡಿದ್ದು ನಾನು."

ಅವನ ಕಿವಿಗೇ ಅದು ಯಂತ್ರ ಆಡಿದ ಮಾತಿನಂತೆ ಕೇಳಿಸಿತು. ಅದೇ ಇಳಿತ, ನಡುವೆ ಅದೇ ಉಸಿರು. ನಿನ್ನೆಯ ದನಿಯನ್ನು ಅವನು ಅಚ್ಚುಕಟ್ಟಾಗಿ ನಕಲು ಮಾಡಿದ್ದ. ಅವನ ಜೀವಮಾನದಲ್ಲೇ ಅತ್ಯುತ್ತಮ ಮಿಮಿಕ್ರಿ.

ಅಕ್ಕ ಬಲಗೈ ಎತ್ತಿದಳು.

ಮಾತು ಕೇಳಿಸಿತೋ, ಬರೀ ಸದ್ದೋ? ಮುಖದಲ್ಲಿದ್ದದ್ದು ಆ ಕುರ್ಚಿಯಲ್ಲಿ ಕೂತವರಿಗೆಲ್ಲ ಬರುವ ವಿಧೇಯ ಮುಗುಳ್ನಗೆ. ಅವನಿಗೆ ಒಳಗಿಂದ ಏನೋ ಉಕ್ಕಿ ಬಂತು. ಅಳುವೆಂದುಕೊಂಡ. ಹೊರಬಂದಾಗ ನಗುವಾಗಿತ್ತು. ಹೊರಬಾಗಿಲ ಸಂದಿಗೆ ಕಿವಿಗೊಟ್ಟು ನಿಂತಿದ್ದ ಆಂಟೆನಾ ಅದನ್ನು ಕೇಳಿ ಎಲ್ಲ ಸರಿಹೋಯಿತೆಂದು ನಕ್ಕ. ಮೇಡಂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೇ ನಗುತ್ತಿದ್ದ. ಮೊಣಕೈ ತಾಗಿ ಎಡಕಿವಿಯ ತಿರುಗಣೆಯೂ ಮೇಲಕ್ಕೆ ಸರಿಯಿತು, ಮೈಕು ತೆರೆದೇ ಇತ್ತು.

ಗಾಜಿನಾಚೆ ಅಕ್ಕ, ಕಣ್ಣು ಮುಚ್ಚಿಕೊಂಡೇ, ಎರಡೂ ಕೈ ಮೇಲೆತ್ತಿ ಕುಳಿತಿದ್ದಳು.