ಕೊನೆಯ ಪಾತಿಯ ಚುಕ್ಕೆ

ಬದುವಿನ ಮೇಲೆ ನಿಂತು ಲೆನ್ಸ್ ಬದಲಾಯಿಸಬಾರದೆಂದು ಅವನಿಗೆ ಗೊತ್ತಿತ್ತು. ಉಪ್ಪಿನ ಪಾತಿಗಳ ಮೇಲೆ ಬೀಸುವ ಗಾಳಿ ಬರಿಯ ಗಾಳಿಯಲ್ಲ. ಬಾಯಿ ತೆರೆದರೆ ನಾಲಿಗೆಗೆ ರುಚಿ ಹತ್ತುತ್ತದೆ. ಆದರೂ ಬೆಳಿಗ್ಗೆ ಉದ್ದ ಕಾಲಿನ ಹಕ್ಕಿಗಳ ಹಿಂಡೊಂದು ನೀರಿಗೆ ಇಳಿದದ್ದನ್ನು ಕಂಡು ಆಸೆ ತಡೆಯಲಾಗದೆ, ಅಲ್ಲೇ ಅಗಲದ ಲೆನ್ಸ್ ಕಳಚಿ ಉದ್ದನೆಯದನ್ನು ಹಾಕಿದ್ದ. ಅಷ್ಟರಲ್ಲಿ ಹಕ್ಕಿಗಳು ಹಾರಿಹೋಗಿದ್ದವು. ಮತ್ತೆ ಕಳಚಿ ಅಗಲದ್ದನ್ನೇ ಹಾಕಿದ್ದ. ಕ್ಯಾಮೆರಾದ ಬಾಯಿ ಎರಡು ಸಲ ಗಾಳಿಗೆ ತೆರೆದಿತ್ತು.

ಬಿಸಿಲು ಏರುವ ಹೊತ್ತಿಗೆ ಪ್ರತಿ ಚಿತ್ರದಲ್ಲೂ ಬೂದು ಚುಕ್ಕೆಗಳು ಕಾಣತೊಡಗಿದವು. ಚಿತ್ರ ಬದಲಾದರೂ ಚುಕ್ಕೆಗಳು ಜಾಗ ಬದಲಾಯಿಸಲಿಲ್ಲ. ಸೆನ್ಸರಿನ ಮೇಲೆ ಧೂಳು ಕೂತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೇರೆ ಕಡೆಯಾಗಿದ್ದರೆ ಮರ, ಗೋಡೆ, ಜನರ ನಡುವೆ ಅವು ಅಡಗಿಕೊಳ್ಳುತ್ತಿದ್ದವೇನೋ. ಇಲ್ಲಿ ನೆಲವೂ ಬಿಳಿ, ಆಕಾಶವೂ ಬಿಳಿ. ಪ್ರವಾಸಿ ಪತ್ರಿಕೆಯ ಸಂಪಾದಕಿ ಕೇಳಿದ್ದೂ ಅದನ್ನೇ: ಕಣ್ಣು ಹಾಯಿಸಿದಷ್ಟೂ ಬಿಳಿ, ನಡುವೆ ಏನೂ ಇರಬಾರದು.

ಅವನು ಕಾರಿನ ಹಿಂದಿನ ಸೀಟಿನಲ್ಲಿ ಗಾಜು ಏರಿಸಿಕೊಂಡು ಕೂತ. ಕ್ಯಾಮೆರಾವನ್ನು ಮುಖ ಕೆಳಗೆ ಮಾಡಿ ಹಿಡಿದು, ರಬ್ಬರ್ ಬುಗ್ಗೆ ಒತ್ತಿ ಒಳಗೆ ಗಾಳಿ ಊದುತ್ತಿದ್ದ. ಬಾಯಿಯ ತೇವ ಎಲ್ಲಿ ಒಳಗೆ ಹೋಗುತ್ತದೋ ಎಂದು ಉಸಿರು ಕೂಡ ಲೆಕ್ಕ ಹಾಕಿ ಬಿಡುತ್ತಿದ್ದ. ಆಗ ಅಪ್ಪ ಗಾಜು ತಟ್ಟಿದ.

"ಏನೋ, ಮಗೂಗೆ ಹಾಲು ಕುಡಿಸ್ತಿದ್ದೀಯಾ?"

ಅವನು ತಲೆ ಎತ್ತಲಿಲ್ಲ. ಅಪ್ಪ ಗಾಜಿಗೆ ಬಾಯಿ ಹತ್ತಿರ ತಂದು ಇನ್ನೂ ಏನೋ ಹೇಳಿದ. ಆ ಕೊನೆಯ ಪಾತಿ, ಬದು, ಕೈ ಎತ್ತು, ಇಷ್ಟು ಕಿವಿಯ ಹೊರಗೆ ಸುಳಿದವು. ಒಳಗೆ ಬಿಡಲು ಅವನಿಗೆ ಪುರುಸೊತ್ತಿರಲಿಲ್ಲ.

"ಹೂಂ," ಅಂದ.

"ಹೂಂ ಅಂದ್ರೆ ಕೇಳಿಸ್ಕೊಂಡ್ಯಾ?"

"ಹೂಂ ಅಪ್ಪ. ಆಯ್ತು."

ಅಪ್ಪನ ಊರುಗೋಲು ಜಲ್ಲಿಯ ಮೇಲೆ ಟಕಟಕ ಅನ್ನುತ್ತಾ ದೂರವಾಯಿತು. ಪಾತಿಗಳ ಮೇಸ್ತ್ರಿಯ ಹತ್ತಿರ ಹರಟೆಗೆ ಹೋದನೆಂದು ಅವನು ತಿಳಿದ.

ಆ ಪಾತಿಗಳಲ್ಲೇ ಅಪ್ಪ ದುಡಿದಿದ್ದ, ಮೊಣಕಾಲು ಕೈಕೊಡುವ ತನಕ. ಮಗ ಈ ಕಡೆ ಕೆಲಸದ ಮೇಲೆ ಹೋಗುತ್ತಾನೆಂದು ತಿಳಿದದ್ದೇ ತಡ, ಬಟ್ಟೆ ಕಟ್ಟಿಕೊಂಡು ಕೂತಿದ್ದ. "ನಿಂಗೆ ದಾರಿ ತೋರ್ಸೋಕೆ ಒಬ್ರು ಬೇಡ್ವಾ?" ದಾರಿ ಫೋನಿನಲ್ಲಿತ್ತು. ಹಾಗೆಂದು ಹೇಳಿದ್ದರೂ ಅಪ್ಪ ಬಂದೇ ಬರುತ್ತಿದ್ದ. ಪಾತಿಗಳು ಮುಚ್ಚಲಿದ್ದವು, ಮಾರನೆಯ ದಿನದಿಂದ ಲಾರಿಗಳು ಮಣ್ಣು ತಂದು ಸುರಿಯುವುದಿತ್ತು. ಮಣ್ಣು ಬೀಳುವ ಮೊದಲು ಅಲ್ಲಿ ನಿಂತು ಅಪ್ಪನಿಗೊಂದು ಫೋಟೋ ತೆಗೆಸಿಕೊಳ್ಳಬೇಕಿತ್ತು.

ಅದಕ್ಕೆ ಕಾರಣ ಕೆಲಸಗಾರರ ಕೋಣೆಯ ಗೋಡೆ. ಹಿಂದಿನ ಸಂಜೆ ಬಂದಿಳಿದಾಗ ಅಪ್ಪ ಅವನನ್ನು ಮೊದಲು ಕರೆದೊಯ್ದದ್ದು ಅಲ್ಲಿಗೇ. ಕೆಲಸ ಬಿಟ್ಟವರ ಚಿತ್ರಗಳು ಸಾಲಾಗಿ ತೂಗುತ್ತಿದ್ದವು. ಒಂದರಲ್ಲೂ ಮುಖ ಕಾಣುವುದಿಲ್ಲ. ಎಲ್ಲವೂ ತೂಕದ ಚಾವಡಿಯಿಂದ ತೆಗೆದವು: ಬಿಳಿಯ ಬಯಲು, ದೂರದಲ್ಲಿ ಇರುವೆಯಂಥ ಮನುಷ್ಯ, ತಲೆಯ ಮೇಲೆ ಅಡ್ಡಲಾಗಿ ಎತ್ತಿಹಿಡಿದ ಗೋರುಹಲಗೆ. ಆ ಬಯಲಿನಲ್ಲಿ ಕೂಗು ಮುಟ್ಟುವುದಿಲ್ಲ. ಪಾತಿಯ ಉಪ್ಪು ಗೋರಿ ಮುಗಿದರೆ ಕೆಲಸದವನು ಹಲಗೆಯನ್ನು ಹಾಗೆ ಎತ್ತಿ ನಿಲ್ಲಬೇಕು. ಚಾವಡಿಯವನು ನೋಡಿ ಕೈ ಎತ್ತಬೇಕು. ಕೈ ಏಳುವ ತನಕ ಹಲಗೆ ಇಳಿಯುವಂತಿಲ್ಲ. ಇಳಿಸಿದರೆ ಪಾತಿ ಇನ್ನೂ ಮುಗಿದಿಲ್ಲವೆಂದೇ ಅರ್ಥ. ಚಾವಡಿಯಲ್ಲಿ ಕೂರುತ್ತಿದ್ದವನು ಈಗಿನ ಮೇಸ್ತ್ರಿ.

ಆ ಸಾಲಿನ ತುದಿಯಲ್ಲಿ ಒಂದು ಮೊಳೆ ಖಾಲಿಯಿತ್ತು.

"ನಿಮ್ಮಪ್ಪಂದು," ಅಂದಿದ್ದ ಮೇಸ್ತ್ರಿ. "ನಾವೇ ತೆಗೆಸ್ತೀವಿ ಬಾರಯ್ಯ ಅಂದ್ರೆ, ನನ್ ಮಗನೇ ಫೋಟೋಗ್ರಾಫರ್, ಕಂಡೋರ ಕೈಲಿ ಯಾಕೆ ತೆಗೆಸ್ಲಿ ಅಂದ. ಮೊಳೆಗೆ ತುಕ್ಕು ಹಿಡೀತು, ಇವನ ಜಂಬಕ್ಕೆ ಹಿಡೀಲಿಲ್ಲ."

ಅಪ್ಪ ನಕ್ಕಿದ್ದ. ಅವನೂ ನಕ್ಕು, "ನಾಳೆ ತೆಗೆಯೋಣ" ಅಂದಿದ್ದ. ನಾಳೆ ಅಂದದ್ದು ನೆನಪಿತ್ತು. ಆದರೆ ಅದು ಒಂದು ಬಿಡುವಿನ ಕೆಲಸವೆಂಬಂತೆ, ಪತ್ರಿಕೆಯದು ಮುಗಿದ ಮೇಲೆ ಎಲ್ಲಾದರೂ ನಿಲ್ಲಿಸಿ ಕ್ಲಿಕ್ಕಿಸಿದರಾಯಿತು ಎಂಬಂತೆ ನೆನಪಿತ್ತು.

ಧೂಳು ಪೂರ್ತಿ ಹೋಗಲಿಲ್ಲ. ಚಾವಡಿಯ ಮುಂದೆ ಕ್ಯಾಮೆರಾದ ಮುಕ್ಕಾಲಿ ಹೂಡಿ, ಬೆಳಕು ಬದಲಾಗುವ ಮೊದಲು ಬೇಕಾದಷ್ಟು ಚಿತ್ರ ತೆಗೆದ. ನಡುನಡುವೆ ಕ್ಯಾಮೆರಾದ ಪರದೆಯ ಮೇಲೆ ಬಗ್ಗಿ ಚುಕ್ಕೆಗಳನ್ನೇ ನೋಡುತ್ತಿದ್ದ. ಕಣ್ಣೆತ್ತಿ ಬಯಲನ್ನು ನೋಡಿದ್ದು ಕಡಿಮೆ.

ಅಪ್ಪ ತಿರುಗಿ ಬಂದಾಗ ಮುಖ ಕೆಂಡದಂತಾಗಿತ್ತು. ಬಾಟಲಿಯ ನೀರನ್ನು ಒಂದೇ ಗುಟುಕಿಗೆ ಮುಗಿಸಿದ.

"ಉಪ್ಪು ತಿಂದೋನು ನೀರು ಕುಡೀಲೇಬೇಕು ನೋಡು," ಎಂದು ಬಾಯಿ ಒರೆಸಿಕೊಂಡ. "ಬಂತಾ?"

"ಬಂತು."

"ಚೆನ್ನಾಗಿ ಬಂತಾ?"

"ಧೂಳಿದೆ. ತೆಗೀತೀನಿ ಬಿಡು."

ಸಂಜೆ ತಂಗುಮನೆಯ ಸ್ನಾನದ ಕೋಣೆಯಲ್ಲಿ ಬಿಸಿನೀರಿನ ನಲ್ಲಿ ಬಿಟ್ಟು ಬಾಗಿಲು ಹಾಕಿದ. ಆವಿಯ ಭಾರಕ್ಕೆ ಗಾಳಿಯ ಧೂಳು ಕೆಳಗಿಳಿದ ಮೇಲೆ ಒಳಗೆ ಹೋಗಿ ಮತ್ತೆ ಬುಗ್ಗೆ ಒತ್ತಿದ. ಬಿಳಿಯ ಗೋಡೆಯ ಚಿತ್ರ ತೆಗೆದು ನೋಡಿದರೆ ಚುಕ್ಕೆಗಳು ಇದ್ದಲ್ಲೇ ಇದ್ದವು. ಉಪ್ಪಿನ ಹರಳು ತೇವ ಕುಡಿದು ಅಂಟಿಕೊಂಡಿತ್ತು. ಒರೆಸಿದರೆ ಗೀರು ಬೀಳುತ್ತದೆ. ಊರಿಗೆ ಹೋದ ಮೇಲೆ ತಿಳಿದವರ ಕೈಗೆ ಕೊಡಬೇಕು. ಇನ್ನು ಕಂಪ್ಯೂಟರಿನಲ್ಲಿ ಅಳಿಸುವುದೊಂದೇ ದಾರಿ.

ಹಾಸಿಗೆಯ ಮೇಲೆ ಅಪ್ಪ ಅಂಗಿ ಬಿಚ್ಚಿ ಬಲಭುಜಕ್ಕೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದ. ಕೋಣೆಯೆಲ್ಲಾ ಘಾಟು.

"ಏನಾಯ್ತು ಭುಜಕ್ಕೆ?"

"ವಯಸ್ಸಾಯ್ತು."

"ಕಿಟಕಿಯಾದ್ರೂ ತೆಗಿಯಪ್ಪ, ತಲೆ ಸಿಡೀತಿದೆ."

ಅಪ್ಪ ಎದ್ದು, ಎಡಗೈಯಲ್ಲಿ ಕಿಟಕಿ ತೆಗೆದ.

ಅವನು ಒಂದು ಚಿತ್ರ ಆರಿಸಿ ದೊಡ್ಡದು ಮಾಡಿ, ಚುಕ್ಕೆಗಳ ಮೇಲೆ ಒಂದೊಂದಾಗಿ ಒತ್ತುತ್ತಾ ಹೋದ. ಒತ್ತಿದಲ್ಲಿ ಬಿಳಿ ಬಂದು ಮುಚ್ಚಿಕೊಳ್ಳುತ್ತಿತ್ತು. ದೂರದ ಬದುವಿನ ಮೇಲಿನ ಒಂದು ಚುಕ್ಕೆ ಮಾತ್ರ ಒಂದೇ ಏಟಿಗೆ ಹೋಗಲಿಲ್ಲ. ಮೇಲೆ ಕೂದಲೆಳೆಯಂಥ ಅಡ್ಡಗೆರೆ ಉಳಿಯಿತು. ಹಟಮಾರಿ ಎಂದುಕೊಂಡು ಇನ್ನೊಮ್ಮೆ ಒತ್ತಿದ. ಹೋಯಿತು. ಕ್ಯಾಮೆರಾ ಮುಕ್ಕಾಲಿಯಿಂದ ಅಲುಗಿರಲಿಲ್ಲವಾದ್ದರಿಂದ ಅದೇ ಜಾಗಗಳನ್ನು ಉಳಿದ ಚಿತ್ರಗಳಲ್ಲೂ ಅಳಿಸಿದ. ಸಂಪಾದಕಿಗೆ ಕಳಿಸಿದ ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಇದೇ, ಇದೇ ಬೇಕಿತ್ತು.

ಬೆಳಿಗ್ಗೆ ಮೇಸ್ತ್ರಿ ಖಾಲಿ ಚೌಕಟ್ಟೊಂದನ್ನು ಒರೆಸಿ ಕಂಕುಳಲ್ಲಿ ಇಟ್ಟುಕೊಂಡು ತಂಗುಮನೆಗೆ ಬಂದ. ಆಗಲೇ ಹೊರಗೆ ಲಾರಿಗಳ ಸದ್ದು. ಪಾತಿಗಳ ಕಡೆಯ ಗೇಟಿಗೆ ಬೀಗ ಬಿದ್ದಿತ್ತು.

"ತೋರ್ಸಪ್ಪ ನಿಮ್ಮಪ್ಪನ್ನ. ಚೌಕಟ್ಟಿಗೆ ಸರಿಹೋಗುತ್ತಾ ನೋಡೋಣ. ಹೊಟ್ಟೆ ಹಿಡಿಸುತ್ತೋ ಇಲ್ವೋ."

"ನಿನ್ನ ಹೊಟ್ಟೆಗಿಂತ ವಾಸಿ, ಹೋಗಯ್ಯ," ಅಂದ ಅಪ್ಪ. ಒಗೆದ ಅಂಗಿ ಹಾಕಿ ತಲೆ ಬಾಚಿದ್ದ. ಚಿತ್ರ ನೋಡಲು ಬಾಚಿದ್ದ ತಲೆ.

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಯಾವ ಚಿತ್ರ ಕೇಳುತ್ತಿದ್ದಾರೆಂದು ಅವನಿಗೆ ಪೂರ್ತಿ ಹೊಳೆಯುವ ಮೊದಲೇ ಕೈ ಆ ಬಿಳಿಯ ಚಿತ್ರವನ್ನು ತೆರೆದಿತ್ತು. ಅಪ್ಪ ಕನ್ನಡಕ ಏರಿಸಿದ. ಅವನ ಬೆರಳು ಚಾವಡಿಯ ಕಡೆಯಿಂದ ಹೊರಟು, ಒಂದೊಂದೇ ಬದು ದಾಟಿ, ಕೊನೆಯ ಪಾತಿ ಮುಟ್ಟಿ ನಿಂತಿತು. ಸ್ವಲ್ಪ ಎಡಕ್ಕೆ ಸರಿಯಿತು. ಬಲಕ್ಕೆ ಬಂತು.

"ನಾನೆಲ್ಲಿ?"

"ನೀನು," ಎಂದು ಅವನು ಶುರುಮಾಡಿದ. ಆಮೇಲೆ, ಬಾಯಿಂದ ಜಾರಿದ್ದನ್ನು ಹಿಡಿಯಲಾಗಲಿಲ್ಲ. "ನೀನು ಅಲ್ಲಿದ್ಯಾ?"

ಮೇಸ್ತ್ರಿ ಚೌಕಟ್ಟನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿಕೊಂಡ. ಒಂದು ಲಾರಿ ಹಿಂದಕ್ಕೆ ಸರಿಯುತ್ತಾ ಕಿರುಗುಟ್ಟಿತು.

ಅಪ್ಪನೇ ಮೊದಲು ಮಾತಾಡಿದ, ಮೇಸ್ತ್ರಿಯ ಕಡೆ ತಿರುಗಿ. "ಬಿಳೀ ಅಂಗಿ ಹಾಕಿದ್ದೆ ಕಣಯ್ಯ. ಬಿಳೀ ಮೇಲೆ ಬಿಳಿ. ಎಲ್ಲಿಂದ ಕಾಣ್ಬೇಕು ಪಾಪ. ನನ್ದೇ ತಪ್ಪು."

ಅಪ್ಪ ಹಿಂದಿನ ದಿನ ಹಾಕಿದ್ದು ನೀಲಿ ಅಂಗಿ. ಅದು ಹಾಸಿಗೆಯ ತಲೆದೆಸೆಯಲ್ಲಿ, ಬೆನ್ನಿನ ಮೇಲೆ ಉಪ್ಪಿನ ಗೆರೆ ಕಟ್ಟಿಕೊಂಡು, ಮೂವರ ಎದುರಿಗೇ ತೂಗುತ್ತಿತ್ತು. ಮೇಸ್ತ್ರಿ ಅದನ್ನು ನೋಡಿದ್ದನ್ನೂ, ನೋಡಿ ಕಿಟಕಿಯ ಕಡೆ ಕಣ್ಣು ತಿರುಗಿಸಿದ್ದನ್ನೂ ಅವನು ಕಂಡ. ಬೈದಿದ್ದರೆ ಎದುರು ನಿಲ್ಲಲು ಏನಾದರೂ ಇರುತ್ತಿತ್ತು. ಇಬ್ಬರು ಮುದುಕರು ಅವನ ಮಾನ ಕಾಯಲು ಸುಮ್ಮನಾಗಿದ್ದರು.

ಅಳಿಸಿದ್ದನ್ನೆಲ್ಲ ಹಿಂದಕ್ಕೆ ಪಡೆಯುವ ಗುಂಡಿಯೊಂದಿತ್ತು. ಒತ್ತಿದ. ಚಿತ್ರದ ತುಂಬಾ ಚುಕ್ಕೆಗಳು ಎದ್ದು ಬಂದವು.

ಅಪ್ಪ ಮುಂದಕ್ಕೆ ಬಾಗಿದ. "ಹಾಂ. ಇಲ್ಲಿದ್ದೀನಲ್ಲ."

ಅವನ ಬೆರಳಿದ್ದದ್ದು ದೊಡ್ಡದೊಂದು ದುಂಡು ಚುಕ್ಕೆಯ ಮೇಲೆ, ಕೊನೆಯ ಬದುವಿಗಿಂತ ಒಂದು ಪಾತಿ ಈಚೆಗೆ. ಆ ಚುಕ್ಕೆಯನ್ನು ಮಗ ಸ್ನಾನದ ಕೋಣೆಯ ಗೋಡೆಯ ಚಿತ್ರದಲ್ಲೂ ನೋಡಿದ್ದ. ಮೇಸ್ತ್ರಿ ಬಗ್ಗಿ, "ಹೌದೌದು, ಹೊಟ್ಟೆ ನೋಡಿದ್ರೇ ಗೊತ್ತಾಗುತ್ತೆ," ಅಂದ. ಅಪ್ಪ ನಕ್ಕ.

ಹೂಂ ಅಂದುಬಿಟ್ಟರೆ ಸಾಕಿತ್ತು. ಚೌಕಟ್ಟು ತುಂಬುತ್ತಿತ್ತು, ಮೊಳೆ ಮುಚ್ಚುತ್ತಿತ್ತು. ಅವನ ಬಾಯಿ ಆ ಅಕ್ಷರಕ್ಕೆ ಸಿದ್ಧವಾಗಿಯೂ ಇತ್ತು.

"ಅಲ್ಲಪ್ಪ," ಅಂದ. "ಅದು ಧೂಳು."

"ಧೂಳಾ?"

"ನೀನು ಇಲ್ಲಿದ್ದೀಯ. ನಿನ್ನೆ ನಾನೇ ಧೂಳು ಅಂತ ಅಳಿಸಿದ್ದೆ. ಕಾರಲ್ಲಿ ನೀನು ಹೇಳಿದ್ದು ನಾನು ಕೇಳಿಸ್ಕೊಂಡಿರಲಿಲ್ಲ. ಸುಮ್ನೆ ಹೂಂ ಅಂದೆ."

ದೊಡ್ಡದು ಮಾಡಿದ. ಬದುವಿನ ತುದಿಯಲ್ಲಿ ಮಸುಕಾದ ನೀಲಿ ಗೀಟು, ಅದರ ತಲೆಯ ಮೇಲೆ ಅಡ್ಡಲಾಗಿ ಊರುಗೋಲು. ಮುಂದಿನ ಚಿತ್ರಕ್ಕೆ ಹೋದ. ಊರುಗೋಲು ಹಾಗೇ ಇತ್ತು. ಅದರ ಮುಂದಿನದರಲ್ಲೂ. ಪಾತಿಯೊಳಗಿನ ಮೋಡದ ನೆರಳು ಒಂದು ದಡದಿಂದ ಇನ್ನೊಂದು ದಡಕ್ಕೆ ಹೋಗಿ ಸೇರಿದರೂ ಊರುಗೋಲು ಇಳಿದಿರಲಿಲ್ಲ. ಕೊನೆಕೊನೆಗೆ ಅದರ ಬಲತುದಿ ಸ್ವಲ್ಪ ವಾಲಿತ್ತು, ಅಷ್ಟೆ.

"ಇಳಿಸಬಾರದಿತ್ತಾ," ಎಂದ ಮಗ.

"ನೀನು ಕೈ ಎತ್ಲಿಲ್ವಲ್ಲ," ಅಂದ ಅಪ್ಪ. ಇದರಲ್ಲಿ ವಿವರಿಸುವುದಕ್ಕೆ ಏನಿದೆ ಎಂಬಂತೆ. "ಆಮೇಲೆ ಮುಕ್ಕಾಲಿ ಮಡಚಿದ್ದು ಕಾಣಿಸ್ತು. ಮುಗೀತೇನೋ ಅಂತ ಬಂದೆ."

ಮೇಸ್ತ್ರಿ ನಡುವೆ ಬಾಯಿ ಹಾಕಿದ. "ನಾನೂ ಒಂದ್ಸಲ ಚಾವಡೀಲಿ ನಿದ್ದೆ ಮಾಡಿ ಇವನನ್ನ ಬಿಸಿಲಲ್ಲಿ ಒಣಗಿಸಿದ್ದೆ ಬಿಡಪ್ಪ. ಒಂದು ವಾರ ಮಾತು ಬಿಟ್ಟಿದ್ದ. ನೀನು ಮಗ, ನಿಂಗೆ ರಿಯಾಯ್ತಿ." ತಮಾಷೆ ಯಾರನ್ನೂ ಮುಟ್ಟಲಿಲ್ಲ. ಅವನಿಗೇ ಅದು ತಿಳಿದು, ಕಾಫಿ ನೋಡಿಕೊಂಡು ಬರುತ್ತೇನೆಂದು ಎದ್ದುಹೋದ. ಚೌಕಟ್ಟನ್ನು ಹಾಸಿಗೆಯ ಮೇಲೆ ಬಿಟ್ಟಿದ್ದ.

ಅಪ್ಪ ಪರದೆಯ ಕಡೆ ತಲೆಯಾಡಿಸಿದ. "ಆ ಖಾಲಿದೇ ಹಾಕ್ಸು. ಅದೇ ಚೆನ್ನಾಗಿದೆ, ಶುಭ್ರವಾಗಿ. ಅಲ್ಲಿದ್ದೆ ಅಂತ ನಂಗೊತ್ತಲ್ಲ."

ಅವನು ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದ. ಚುಕ್ಕೆಗಳು ತುಂಬಿದ ಚಿತ್ರವನ್ನು ಮತ್ತೆ ಎದುರಿಗಿಟ್ಟು, ಮೇಲಿನ ಮೂಲೆಯಿಂದ ಒಂದೊಂದಾಗಿ ಅಳಿಸತೊಡಗಿದ. ಈ ಸಲ ಪ್ರತಿಯೊಂದರ ಮೇಲೂ ಒತ್ತುವ ಮೊದಲು ನಿಲ್ಲುತ್ತಿದ್ದ.

ಅಪ್ಪನಿಗೆ ಸುಮ್ಮನೆ ಕೂರಲಾಗಲಿಲ್ಲ. ಬೆರಳಿಟ್ಟ. "ಇದು?"

"ಧೂಳು."

"ಇದು?"

"ಅದೂ ಧೂಳು."

"ಈ ಹೊಟ್ಟೆಯೋನು?"

"ಧೂಳಪ್ಪ."

ಹಾಗೆ ಮೂಲೆಯಿಂದ ಮೂಲೆಗೆ ಬಂದರು. ಆಕಾಶ ಬಿಳಿಯಾಯಿತು, ನೀರು ಬಿಳಿಯಾಯಿತು. ಬದುವಿನ ತುದಿಯಲ್ಲಿ ಒಂದೇ ಒಂದು ಉಳಿಯಿತು. ಅಪ್ಪನ ಬೆರಳು ಅದರ ಹತ್ತಿರ ಹೋಗಿ, ಮುಟ್ಟದೆ ನಿಂತಿತು.

ಮಗನ ಕಣ್ಣು ಆ ಬೆರಳಿನ ಮೇಲಿತ್ತು. ಬೆಳಗಿನಿಂದಲೂ ಅಪ್ಪ ತೋರಿಸುತ್ತಿದ್ದದ್ದು ಎಡಗೈಯಲ್ಲಿ. ಬಲಗೈ ತೊಡೆಯ ಮೇಲೆ ಮಲಗಿತ್ತು.