ಗೌಡರ ಕಾಲಿಗಿಂತ ಮೊದಲು ನನ್ನ ಕಾಲು

“ಏ ಮರೆಪ್ಪ, ಕುಂಟಗತ್ತಿ ಹಂಗ ಎಲ್ಲಿ ಹೊಂಟಿಯೋ ಬೋಸುಡಿ ಮಗನ? ಇಲ್ಲಿ ಬಾ. ನಿನ್ನ ಕಾಲು ಬೇಕಾಗೇತಿ!”

ಗುರಲಿಂಗಪ್ಪಗೌಡರು ಚಾವಡಿ ಕಟ್ಟೆಯಿಂದ ಕೂಗಿದಾಗ ನಾನು ಅವರ ಹೊಲಕ್ಕೆ ಗೊಬ್ಬರ ಹೊರುತ್ತಿದ್ದೆ. ನಮ್ಮ ಮನೆತನದವರ ಬೆನ್ನು, ರಟ್ಟೆ ಗೌಡರಿಗೆ ಬೇಕಾಗುತ್ತಲೇ ಬಂದಿದ್ದವು. ಕಾಲು ಬೇಕಾದದ್ದು ಇದೇ ಮೊದಲು. ಬುಟ್ಟಿ ಇಳಿಸಿ, ಸ್ವಲ್ಪ ಜಂಬದಿಂದಲೇ ಕುಂಟುತ್ತ ಹೋದೆ.

ನನಗೆ ನಾರುಹುಣ್ಣು ಆಗಿತ್ತು. ಹಿಮ್ಮಡಿಯ ಹುಣ್ಣಿನಿಂದ ಇಣುಕುತ್ತಿದ್ದ ನೂಲಿನಂಥ ಹುಳವನ್ನು ಕಡ್ಡಿಗೆ ಸುತ್ತಿ ದಿನಾ ಚೂರುಚೂರೇ ಎಳೆಯುತ್ತಿದ್ದೆ. ಗೌಡರಿಗೂ ಅದೇ ಹುಣ್ಣು. ಅವರ ಹುಳ ಬಿಳಿ ಮಲ್ಲಿನ ಬಟ್ಟೆಯೊಳಗಿತ್ತು, ನನ್ನದು ಹರಕು ಚಿಂದಿಯೊಳಗೆ.

ವಿಜಾಪುರದ ಡಾಕ್ಟರ್ ಪ್ರಲ್ಹಾದರಾಯರು ಕುರ್ಚಿಯಲ್ಲಿ ಕೂತಿದ್ದರು. ಹುಣ್ಣಿನ ಸುತ್ತ ಚುಚ್ಚಿದರೆ ಹುಳ ಸಾಯುವಂಥ ಹೊಸ ಔಷಧ ತಂದಿದ್ದರು. ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಟಿಕೋಟಾ ಸೀಮೆಯಲ್ಲಿ ಅದನ್ನು ಯಾರೂ ಕಂಡಿರಲಿಲ್ಲ. ಪರೀಕ್ಷೆಗೆ ರೋಗಿಗಳು ಬೇಕಾಗಿದ್ದರು.

“ಮೊದಲ ಇವಗ ಚುಚ್ರಿ,” ಎಂದರು ಗೌಡರು. “ಉಳದನಂದ್ರ ನನಗ ಚುಚ್ಚೀರಂತ.”

“ಹಂಗ ಮಾಡ್ಲಿಕ್ಕೆ ಬರೂದಿಲ್ರೀ. ಅವನ ಒಪ್ಪಿಗಿ ಬೇಕು. ಏನಪಾ, ಒಪ್ಪಿಗಿ ಅದ ಏನು?”

ನಾನು ಬಾಯಿ ತೆರೆಯುವಷ್ಟರಲ್ಲಿ ಗೌಡರು “ಐತ್ರಿ” ಎಂದರು. ನನ್ನ ಒಪ್ಪಿಗೆಯೂ ಅವರ ಮನೆಯಲ್ಲೇ ಇತ್ತೆಂಬುದು ನನಗೆ ಗೊತ್ತಿರಲಿಲ್ಲ.

“ಯಪ್ಪಾ, ಸತ್ತರ?”

“ಸತ್ತರ ಸಾಯಿ. ನಿನ್ನ ಹೇಣ್ತಿ ಸಕ್ರಿ ಅದಾಳಲ್ಲ, ನಿನ್ನ ಕೆಲಸಾನೂ ಮಾಡ್ತಾಳ.”

ಡಾಕ್ಟರು ತಲೆ ತಗ್ಗಿಸಿ ಸೂಜಿ ತೆಗೆದರು. ನನ್ನ ಪಾದ ಹಿಡಿದಾಗ ಒಡೆದ ಹಿಮ್ಮಡಿಗೆ ನಾಚಿ, ಧೋತರದ ಚುಂಗಿನಿಂದ ಒರೆಸಲು ಹೋದೆ. ಅಂಥವರು ನನ್ನ ಕಾಲು ಹಿಡಿದದ್ದನ್ನು ಕೇರಿಯವರೆಲ್ಲ ನೋಡಲಿ ಎಂದು ಅತ್ತಿತ್ತ ಕಣ್ಣಾಡಿಸಿದೆ. ನೋಡುತ್ತಿದ್ದುದು ಒಂದು ನಾಯಿ ಮಾತ್ರ. ಕೆಲಸ ಮುಗಿದ ಮೇಲೆ ಗೌಡರು ಡಾಕ್ಟರಿಗೆ ಹೇಳಿದರು: “ಊಟಕ್ಕ ಬರೂಮುಂದ ಜಳಕಾ ಮಾಡಿ ಬರ್ರಿ.”

ಕಾಲು ಕುಂಬಳಕಾಯಿಯಂತೆ ಬಾತಿತು. ಜ್ವರ ಏರಿತು. ಹೆಂಡತಿ ಸಕ್ರವ್ವ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಬೈದಳು.

“ಅವನ ಕಾಲು ಉಳಸಾಕ ನಿನ್ನ ಕಾಲು ಕೊಟ್ಟಿಯಲ್ಲೋ ಭಾಡ್ಯಾ!”

ನಾನು ಮಾತ್ರ ಜ್ವರದಲ್ಲೂ ಬೀಗುತ್ತಿದ್ದೆ. ದಿನಾ ಬೆಳಗಾದರೆ ಗೌಡರ ಆಳು ಅಂಗಳದಾಚೆ ನಿಂತು, “ಮರೆಪ್ಪ ಅದಾನೋ, ಹೋದನೋ?” ಎಂದು ಕೇಳುತ್ತಿದ್ದ. ನಮ್ಮ ವಂಶದಲ್ಲಿ ಯಾರಿಗೂ ಇಷ್ಟು ವಿಚಾರಣೆ ನಡೆದಿರಲಿಲ್ಲ.

ಕೊನೆಗೆ ಹುಳ ಸತ್ತು ಜೋಲು ದಾರದಂತೆ ಹೊರಬಂತು. ನನ್ನ ಬಾವು ನೋಡಿ ಡಾಕ್ಟರು ಔಷಧ ಕಡಿಮೆ ಮಾಡಿ ಗೌಡರಿಗೆ ಚುಚ್ಚಿದರು. ಗೌಡರು ಬೇಗ ಎದ್ದು ಓಡಾಡಿದರು. ನನ್ನ ಪಾದದ ಕೀಲು ಮಾತ್ರ ಮಡಚಲಿಲ್ಲ.

ಆಮೇಲೆ ಡಾಕ್ಟರು ಊರ ಮೆಟ್ಟಿಲಬಾವಿಯ ಹತ್ತಿರ ಜನರನ್ನು ಕೂಡಿಸಿದರು. ನಮ್ಮ ಕೇರಿಯವರು ದೂರ ನಿಂತೆವು.

“ಹುಣ್ಣಿನ ಕಾಲು ನೀರಾಗ ಇಟ್ರ ಹುಳದ ಮರಿ ನೀರಿಗೆ ಬೀಳ್ತಾವ. ಆ ನೀರು ಕುಡದವರಿಗೆ ಈ ರೋಗ ಬರ್ತದ. ಯಾರೂ ಕೆಳಗ ಇಳೀಬ್ಯಾಡ್ರಿ. ಮೇಲಿಂದ ಹಗ್ಗ ಹಾಕಿ ಸೇದ್ರಿ.”

“ಈ ಹೊಲಸು ಮಂದೀನ ನೀರು ಕೆಡಿಸ್ಯಾರ,” ಎಂದು ಗೌಡರು ನಮ್ಮತ್ತ ಕೈ ಮಾಡಿದರು.

ನಾನು ಅಭ್ಯಾಸದಂತೆ ತಲೆಯಾಡಿಸಿಬಿಟ್ಟೆ. ಸಕ್ರವ್ವ ನನ್ನ ಪಕ್ಕೆಗೆ ತಿವಿದಳು.

“ನಮ್ಮನ್ನ ಯಾವಾಗ ಬಾವಿಗಿ ಇಳಿಸೀರಿ ಗೌಡ್ರ? ನೀವು ಇಳದು ತುಂಬಿ, ಮ್ಯಾಲಿಂದ ಹೊಯ್ದದ್ದು ಕುಡಿಯೋರು ನಾವು. ಅಂದ್ರ ನನ್ನ ಗಂಡನ ಕಾಲಾಗಿನ ಹುಳ ನಿಮ್ಮ ಕಾಲಿಂದು!”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಸಕ್ರವ್ವ ಪಕ್ಕದ ಬಂಡಿಯ ಹಗ್ಗ ಬಿಚ್ಚಿ, ನೀರಿಗೆಂದು ತಂದಿದ್ದ ತನ್ನ ಕೊಡದ ಕುತ್ತಿಗೆಗೆ ಬಿಗಿದಳು. ಜನ ಮೈ ಸೋಕೀತೆಂದು ತಾವಾಗಿಯೇ ದಾರಿ ಬಿಟ್ಟರು. ಅವಳು ಬಾವಿಯ ದಂಡೆಯ ಮೇಲೆ ನಿಂತು ಕೊಡ ಇಳಿಬಿಟ್ಟಳು.

“ಏ ರಂಡಿ, ಹಗ್ಗ ಬಿಡ!” ಗೌಡರು ಕೋಲಿಗೆ ಕೈ ಹಾಕಿದರು.

ನಾನು ಓಡಿಹೋಗಬೇಕೆಂದುಕೊಂಡೆ. ಆದರೆ ಸೆಟೆದ ಕಾಲು ಓಡಗೊಡಲಿಲ್ಲ. ಮೆಲ್ಲಗೆ ನಡೆದರೆ ಅದು ಅವಳ ಕಡೆಗೇ ಒಯ್ದಿತು. ಇಬ್ಬರೂ ಹಗ್ಗ ಹಿಡಿದೆವು. ಹಗ್ಗ ನನ್ನ ಅಂಗೈಯಲ್ಲಿ ಜಾರಿತು.

“ಗಟ್ಟಿ ಹಿಡಿಯೋ ಗಂಡಸ,” ಎಂದಳು ಸಕ್ರವ್ವ.

ಕೆಳಗೆ ಕೊಡ ಗುಳುಗುಳು ತುಂಬುತ್ತಿತ್ತು. ಹಿಂದೆ ಗೌಡರ ಹೆಜ್ಜೆ, ಚೂರೂ ಕುಂಟದೆ, ಹತ್ತಿರ ಬರುತ್ತಿತ್ತು.