ದೋಣಿಯ ಅಂಚಿನಲ್ಲಿ ಕೂತವನು

ಶಿಲ್ಪಶ್ರೀ ಜಯನಗರದ ಒಂದು ಔಷಧಿ ಅಂಗಡಿಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತೇ ಕೆಲಸ ಮಾಡುತ್ತಿದ್ದಳು. ವಾರದ ರಜೆಯ ದಿನ ಮಾತ್ರ ಜರಗನಹಳ್ಳಿಯ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಅವಳ ಯುದ್ಧದೋಣಿಯ ಮಾಡೆಲ್ ಹೊರಬರುತ್ತಿತ್ತು. ಗೇಣುದ್ದದ ಪ್ಲಾಸ್ಟಿಕ್ ದೋಣಿ, ಅದರ ಸುತ್ತ ಗಾಜಿನಂತೆ ಗಟ್ಟಿಯಾಗುವ ರೆಸಿನ್ ದ್ರವ ಸುರಿದು ಮಾಡಿದ ಕೆಸರುಬಣ್ಣದ ಹೊಳೆ, ದಡದಲ್ಲಿ ತೆಂಗಿನ ನಾರಿನ ಜೊಂಡು. ಇಷ್ಟಕ್ಕೇ ಏಳು ತಿಂಗಳು ಹಿಡಿದಿತ್ತು. ಇನ್ನು ಸೈನಿಕರನ್ನು ಅಂಟಿಸಿದರೆ ಮುಗಿಯಿತು.

ದೋಣಿಯ ಜೊತೆ ಡಬ್ಬಿಯಲ್ಲಿ ಬಂದಿದ್ದ ನಾಲ್ವರು ಪ್ಲಾಸ್ಟಿಕ್ ಸೈನಿಕರೂ ಕೋವಿ ಗುರಿಯಿಟ್ಟು ನೆಟ್ಟಗೆ ನಿಂತಿದ್ದರು. ಮೂವರನ್ನು ಅಂಟಿಸಿದಳು. ನಾಲ್ಕನೆಯವನನ್ನು ಎತ್ತಿಕೊಂಡಾಗ ಅವಳ ಮೀನಖಂಡ ಹಿಂದಿನ ದಿನ ಅಂಗಡಿಯಲ್ಲಿ ನಿಂತ ನೋವಿನಿಂದ ಇನ್ನೂ ಸೆಳೆಯುತ್ತಿತ್ತು. ಬ್ಲೇಡಿನಿಂದ ಅವನ ಸೊಂಟ, ಮಂಡಿ ಕತ್ತರಿಸಿ, ಮಡಿಸಿ ಅಂಟಿಸಿ, ದೋಣಿಯ ಅಂಚಿನಲ್ಲಿ ಕೂರಿಸಿದಳು.

"ಡ್ಯೂಟಿ ಮೇಲಿರೋನು ಹಿಂಗೆ ಕೂತ್ಕೋತಾನೇನೆ?" ಗಂಡ ಕೈಲಾಸ್ ಕೇಳಿದ.

"ಐದು ನಿಮಿಷ ಕೂತ್ಕೊಳ್ಲಿ ಬಿಡ್ರೀ."

ಬನಶಂಕರಿಯಲ್ಲಿ ನಡೆದ ಮಾಡೆಲ್ ಸ್ಪರ್ಧೆಯಲ್ಲಿ ತೀರ್ಪುಗಾರರು ಬಗ್ಗಿ ನೋಡಿ ಹೊಳೆಯನ್ನು ಹೊಗಳಿದರು. ಆಮೇಲೆ ಅಂಚಿನಲ್ಲಿ ಕೂತ ಸೈನಿಕನ ಕಡೆ ಬೆರಳು ತೋರಿಸಿದರು.

"ಮೂರು ಜನ ಗುರಿ ಇಟ್ಟಿದಾರೆ, ಇವನು ಮಾತ್ರ ಕೂತಿದಾನೆ. ರಿಯಲಿಸ್ಟಿಕ್ ಅನ್ಸಲ್ಲ ಮೇಡಂ. ನಿಲ್ಲಿಸಿದ್ರೆ ಬಹುಮಾನ ನಿಮಗೇ ಬರ್ತಿತ್ತು."

"ಅವನಿಗೆ ಸುಸ್ತಾಗಿದೆ ಸಾರ್."

ತಮಾಷೆ ಅಂದುಕೊಂಡು ಅವರು ನಕ್ಕರು. ಅವಳಿಗೆ ನಗು ಬರಲಿಲ್ಲ, ವಾದ ಮಾಡುವಷ್ಟು ತ್ರಾಣವೂ ಇರಲಿಲ್ಲ. ದೋಣಿಯನ್ನು ಡಬ್ಬಿಗೆ ಹಾಕಿಕೊಂಡು ಮನೆಗೆ ಬಂದಳು.

ಮುಂದಿನ ರಜೆಯ ದಿನ ಡಬ್ಬಿ ತೆಗೆದು, ಇನ್ನೊಬ್ಬ ಸೈನಿಕನನ್ನೂ ಮೆಲ್ಲಗೆ ಕಿತ್ತು, ಕೋವಿ ಬಿಡಿಸಿ, ಮಂಡಿ ಮಡಿಸಿ, ಮೊದಲಿನವನ ಪಕ್ಕದಲ್ಲಿ ಕೂರಿಸಿದಳು.